ಸೂತ್ರವುಂಟು, ಪ್ರಯೋಗವಿಲ್ಲ

ಕನ್ನಡ ಮೇಷ್ಟರಿಗೆ ರಸಾಯನಶಾಸ್ತ್ರದ ಉಸಾಬರಿ ಏಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಮೊದಲೇ ಉತ್ತರ ಹೇಳಿಬಿಡುವುದು ಒಳ್ಳೆಯದು. ರಸಾಯನಶಾಸ್ತ್ರವು ಕನ್ನಡಕ್ಕೆ ಬಂದಾಗ ನಮ್ಮ ವ್ಯಾಕರಣದ ಮನೆಯಿಂದ ಎರಡು ಮಾತುಗಳನ್ನು ಎರವಲು ಪಡೆಯಿತು. ಒಂದು ಸೂತ್ರ, ಇನ್ನೊಂದು ಪ್ರಯೋಗ. ನಮ್ಮಲ್ಲಿ ಇವೆರಡೂ ಒಟ್ಟಿಗೆ ಬಾಳಿದ ಮಾತುಗಳು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಕಂದಪದ್ಯದಲ್ಲಿ ಹೇಳುತ್ತಾನೆ, ಅದಕ್ಕೆ ವೃತ್ತಿಯನ್ನು ಬರೆಯುತ್ತಾನೆ, ಆಮೇಲೆ ಪ್ರಯೋಗಗಳನ್ನು ಒಂದರ ಕೆಳಗೊಂದು ಕೊಡುತ್ತಾನೆ. ಕವಿಗಳು ಹೀಗೆ ಬಳಸಿದ್ದುಂಟು, ನೋಡಿಕೊಳ್ಳಿ ಎಂಬುದಕ್ಕೆ ಅವು ಸಾಕ್ಷಿ. ಪ್ರಯೋಗವನ್ನು ತೋರಿಸಲಾರದ ವೈಯಾಕರಣನ ಸೂತ್ರಕ್ಕೆ ನಮ್ಮಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಎರವಲು ಕೊಟ್ಟ ಪಾತ್ರೆಯನ್ನು ನೆರೆಮನೆಯವರು ಹೇಗೆ ಇಟ್ಟುಕೊಂಡಿದ್ದಾರೆಂದು ಇಣುಕಿ ನೋಡುವ ಹಕ್ಕು ಕೊಟ್ಟವನಿಗೆ ಇದೆಯಷ್ಟೆ? ಇಣುಕಿ ನೋಡಿದೆ. ಸೂತ್ರವನ್ನು ಬೆಳಗಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದಾರೆ. ಪ್ರಯೋಗವನ್ನು ಹಿತ್ತಲಿಗೆ ಹಾಕಿದ್ದಾರೆ.

ಮಾತು ಹುಟ್ಟಿದ ಸಂದರ್ಭವನ್ನು ಹೇಳಬೇಕು. ಈಚೆಗೆ ನಾನು ಕುಳಿತಿದ್ದ ಒಂದು ಅಧ್ಯಾಪಕರ ಸಭೆಯಲ್ಲಿ, ಯಾವ ಊರು ಯಾವ ಕಾಲೇಜು ಎಂಬುದು ಬೇಡ, ರಸಾಯನಶಾಸ್ತ್ರವನ್ನು ಬಹುಕಾಲ ಪಾಠ ಹೇಳಿದ ಹಿರಿಯರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಪಿಯುಸಿ ಹುಡುಗರಿಗೆ ಪ್ರಯೋಗಶಾಲೆಯ ಅವಧಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ಹೊತ್ತನ್ನು ಲೆಕ್ಕ ಮಾಡಿಸುವುದಕ್ಕೆ ಕೊಡಬೇಕು ಎಂದು. ಅವರು ಕೊಟ್ಟ ಉದಾಹರಣೆ ಎಂಪಿರಿಕಲ್ ಫಾರ್ಮುಲಾ ಎಂಬ ಪಾಠದ್ದು. "ಪ್ರಶ್ನೆಯಲ್ಲಿ ಶೇಕಡಾಂಶ ಕೊಟ್ಟಿರುತ್ತಾರೆ. ಪರಮಾಣು ತೂಕದಿಂದ ಭಾಗಿಸು, ಬಂದದ್ದರಲ್ಲಿ ಚಿಕ್ಕದರಿಂದ ಮತ್ತೆ ಭಾಗಿಸು, ಪೂರ್ಣಾಂಕ ಮಾಡು. ಮೂರು ಸಾಲಿನ ಕೆಲಸ. ಇದಕ್ಕೆ ಮೂಸೆ ಏಕೆ, ಬೆಂಕಿ ಏಕೆ, ಎರಡು ಗಂಟೆ ಏಕೆ?" ಎಂದರು. ನಮ್ಮ ಸಿಇಟಿಯಲ್ಲಿ ರಸಾಯನಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ಆ ದೃಷ್ಟಿಯಿಂದ ಅವರ ಮಾತು ಅಪ್ಪಟ ವ್ಯವಹಾರಜ್ಞಾನ. ಸಭೆ ತಲೆದೂಗಿತು. ನಾನು ಬಾಯಿ ತೆರೆದಾಗ, "ಮೇಷ್ಟ್ರೇ, ನಿಮ್ಮದು ರಸ, ನಮ್ಮದು ರಸಾಯನ" ಎಂದು ನಕ್ಕರು. ನಗೆ ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಅವರ ವಾದ ಚೆನ್ನಾಗಿರಲಿಲ್ಲ. ಏಕೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಹೆಸರಿನ ವಿಚಾರ. ಎಂಪಿರಿಕಲ್ ಎಂಬುದರ ಬೇರು ಗ್ರೀಕರ ಎಂಪೇರಿಯಾ; ಅದಕ್ಕೆ ಅನುಭವ ಎಂದರ್ಥ. ಕಂಡು, ಮಾಡಿ, ತೂಗಿ ಪಡೆದ ಸೂತ್ರ ಎಂಬುದು ಆ ಹೆಸರಿನ ಭಾವ. ಒಂದು ವಸ್ತುವಿನಲ್ಲಿ ಯಾವ ಯಾವ ಧಾತುಗಳ ಪರಮಾಣುಗಳು ಎಷ್ಟಕ್ಕೆ ಎಷ್ಟು ಎಂಬ ಅತಿ ಸರಳ ಪ್ರಮಾಣವನ್ನು ಅದು ಹೇಳುತ್ತದೆ. ಈ ಸರಳತೆಯನ್ನೇ ಹಿಡಿದು ಅದನ್ನು 'ಸರಳ ಸೂತ್ರ' ಎಂದು ಕರೆದರೆ ಹುಡುಗನ ಕಿವಿಗೆ ಬೀಳುವುದು ಭಾಗಾಕಾರ ಮಾತ್ರ. ನಾನು ಈ ಲೇಖನದಲ್ಲಿ 'ಪ್ರಯೋಗಸಿದ್ಧ ಸೂತ್ರ' ಎಂದೇ ಬರೆಯುತ್ತೇನೆ. ಕೊಂಚ ಭಾರವಾಯಿತು, ನಿಜ. ಆದರೆ ಹೊರಬೇಕಾದ ಭಾರವನ್ನು ಹೆಸರೇ ನೆನಪಿಸುತ್ತದೆ.

ಈಗ ಆ ಶೇಕಡಾಂಶದ ಮಾತು. ಒಂದು ವಸ್ತುವಿನಲ್ಲಿ ಇಂಗಾಲ ಶೇಕಡಾ 40, ಜಲಜನಕ 6.7, ಆಮ್ಲಜನಕ 53.3 ಎಂದು ಪ್ರಶ್ನೆಪತ್ರಿಕೆ ಹೇಳುತ್ತದೆ. ಹೇಳಿದವರು ಯಾರು? ಆ ಅಂಕಿಗಳೇನು ಆಕಾಶದಿಂದ ಉದುರಿದವೆ? ನಮ್ಮ ಹುಡುಗರಲ್ಲಿ ನೂರಕ್ಕೆ ತೊಂಬತ್ತು ಮಂದಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲವೆಂದು ನನ್ನ ಗುಮಾನಿ. ಕೇಳಿಕೊಂಡವನಿಗೆ ಉತ್ತರವಾಗಿ ಒಂದು ಸೊಗಸಾದ ಕಥೆ ಕಾದಿದೆ.

ಜರ್ಮನಿಯ ಗೀಸನ್ ಎಂಬ ಸಣ್ಣ ಊರಿನಲ್ಲಿ ಯೂಸ್ಟಸ್ ಲೀಬಿಗ್ ಎಂಬ ಪಂಡಿತ ಅಧ್ಯಾಪಕನಾಗಿದ್ದ. 1831ರಲ್ಲಿ ಅವನು ಗಾಜಿನ ಐದು ಗುಳ್ಳೆಗಳನ್ನು ತ್ರಿಕೋನಾಕಾರವಾಗಿ ಜೋಡಿಸಿದ ಒಂದು ಪುಟ್ಟ ಉಪಕರಣವನ್ನು ಲೋಕದ ಮುಂದಿಟ್ಟ. ಪರೀಕ್ಷಿಸಬೇಕಾದ ವಸ್ತುವನ್ನು ತೂಗಿ, ತಾಮ್ರದ ಆಕ್ಸೈಡಿನೊಡನೆ ಬೆರೆಸಿ, ಗಾಜಿನ ಕೊಳವೆಯಲ್ಲಿಟ್ಟು ಕೆಂಡದ ಮೇಲೆ ಕಾಯಿಸುವುದು. ವಸ್ತು ಉರಿದು ಅದರಲ್ಲಿದ್ದ ಜಲಜನಕವೆಲ್ಲ ನೀರಾಗಿ, ಇಂಗಾಲವೆಲ್ಲ ಇಂಗಾಲದ ಡೈ ಆಕ್ಸೈಡಾಗಿ ಹೊರಡುತ್ತದೆ. ನೀರಿನ ಆವಿಯನ್ನು ಕ್ಯಾಲ್ಸಿಯಂ ಕ್ಲೋರೈಡು ತುಂಬಿದ ಕೊಳವೆ ಹೀರಿಕೊಳ್ಳುತ್ತದೆ. ಇಂಗಾಲದ ಅನಿಲವನ್ನು ಆ ಐದು ಗುಳ್ಳೆಗಳಲ್ಲಿರುವ ಪೊಟ್ಯಾಷಿನ ದ್ರಾವಣ ಹಿಡಿದಿಡುತ್ತದೆ. ಮೊದಲೊಮ್ಮೆ, ಆಮೇಲೊಮ್ಮೆ ಎರಡನ್ನೂ ತೂಗಿದರೆ ಹೆಚ್ಚಿದ ತೂಕವೇ ಉತ್ತರ. ಇಷ್ಟೇ. ಈ ಇಷ್ಟು ಕೈವಶವಾಗುವುದಕ್ಕೆ ಮುಂಚೆ ದೊಡ್ಡ ದೊಡ್ಡವರೂ ಒಂದು ಸಾವಯವ ವಸ್ತುವಿನ ವಿಶ್ಲೇಷಣೆಗಾಗಿ ಬಹಳ ದಿನ ತಿಣುಕುತ್ತಿದ್ದರು. ಲೀಬಿಗ್ಗನ ಸಾಧನದಿಂದ ಅದು ವಿದ್ಯಾರ್ಥಿಗಳ ಕೈಗೆಟುಕುವ ಕೆಲಸವಾಯಿತು.

ಒಂದು ಲೆಕ್ಕ ಮಾಡಿ ನೋಡೋಣ, ಓದುಗರು ಬೇಸರಿಸಬಾರದು. ವಿನಿಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವನ್ನು 0.300 ಗ್ರಾಂ ತೂಗಿ ಉರಿಸಿದೆವೆನ್ನಿ. ಗುಳ್ಳೆಗಳ ತೂಕ 0.440 ಗ್ರಾಂ ಹೆಚ್ಚಿತು, ನೀರಿನ ಕೊಳವೆಯದು 0.180 ಗ್ರಾಂ. ಇಂಗಾಲದ ಡೈ ಆಕ್ಸೈಡಿನ 44 ಪಾಲಿನಲ್ಲಿ 12 ಪಾಲು ಇಂಗಾಲ. ಆದ್ದರಿಂದ ಇಂಗಾಲ 0.120 ಗ್ರಾಂ. ನೀರಿನ 18 ಪಾಲಿನಲ್ಲಿ 2 ಪಾಲು ಜಲಜನಕ. ಆದ್ದರಿಂದ ಅದು 0.020 ಗ್ರಾಂ. ಇವೆರಡೂ ಸೇರಿ 0.140. ಉಳಿದ 0.160 ಗ್ರಾಂ ಆಮ್ಲಜನಕ. ಇಂಗಾಲವನ್ನು 12ರಿಂದ, ಜಲಜನಕವನ್ನು 1ರಿಂದ, ಆಮ್ಲಜನಕವನ್ನು 16ರಿಂದ ಭಾಗಿಸಿದರೆ 0.01, 0.02, 0.01. ಒಂದಕ್ಕೆ ಎರಡು, ಎರಡಕ್ಕೆ ಒಂದು. ಸೂತ್ರ ಸಿದ್ಧ.

ಇಲ್ಲಿ ಕೊಂಚ ನಿಲ್ಲಬೇಕು. ಆಮ್ಲಜನಕವನ್ನು ನಾವು ತೂಗಲಿಲ್ಲ! ಅದು ಕಳೆದು ಉಳಿದದ್ದು. ತಿಂಗಳ ಕೊನೆಯಲ್ಲಿ ಮನೆಯ ಜಮಾಖರ್ಚು ಹೊಂದದಿದ್ದಾಗ 'ಇತರೆ ಖರ್ಚು' ಎಂದು ಬರೆದು ಗೆರೆ ಎಳೆಯುತ್ತೇವಲ್ಲ, ಆ ಬಾಬತ್ತು ಅದು. ಇಂಗಾಲ ತೂಗುವುದರಲ್ಲಿ ಆದ ತಪ್ಪು, ಜಲಜನಕ ತೂಗುವುದರಲ್ಲಿ ಆದ ತಪ್ಪು, ಕೊಳವೆ ಸೋರಿದ್ದು, ವಸ್ತು ಪೂರ್ತಿ ಉರಿಯದೆ ಕರಿ ಉಳಿದದ್ದು, ಎಲ್ಲವೂ ಸದ್ದಿಲ್ಲದೆ ಬಂದು ಈ ಆಮ್ಲಜನಕದ ತಲೆಯ ಮೇಲೆ ಕೂರುತ್ತವೆ. ಪ್ರಶ್ನೆಪತ್ರಿಕೆಯಲ್ಲಿ 40, 6.7, 53.3 ಎಂದು ಮೂರು ಅಂಕಿಗಳು ಅಣ್ಣತಮ್ಮಂದಿರಂತೆ ಒಂದೇ ಪಂಕ್ತಿಯಲ್ಲಿ ಕುಳಿತಿರುವಾಗ ಈ ಗುಟ್ಟು ಹುಡುಗನಿಗೆ ಹೇಗೆ ತಿಳಿಯಬೇಕು? ಎರಡು ಕಂಡ ಸಾಕ್ಷಿ, ಮೂರನೆಯದು ಊಹೆಯ ಸಾಕ್ಷಿ. ಒಂದು ಸಲ ತಕ್ಕಡಿ ಹಿಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಲೆಕ್ಕವೇ ಸಾಕೆನ್ನುವವರಿಗೆ ಚರಿತ್ರೆ ಇನ್ನೂ ಕಟುವಾದ ಉತ್ತರವನ್ನು ಕೊಟ್ಟಿದೆ. ಪರಮಾಣುವಾದವನ್ನು 1808ರ ತನ್ನ ಗ್ರಂಥದಲ್ಲಿ ವಿಸ್ತರಿಸಿದ ಜಾನ್ ಡಾಲ್ಟನ್ ನೀರಿಗೆ ಒಂದು ಜಲಜನಕ, ಒಂದು ಆಮ್ಲಜನಕ ಎಂದು ಸೂತ್ರ ಕೊಟ್ಟ. ಎರಡು ಧಾತುಗಳ ಒಂದೇ ಒಂದು ಸಂಯುಕ್ತ ಗೊತ್ತಿದ್ದರೆ ಅದು ಒಂದಕ್ಕೊಂದು ಕೂಡಿದ್ದೆಂದು ತಿಳಿಯತಕ್ಕದ್ದು ಎಂಬುದು ಅವನ ನಿಯಮ. ಅಂದಿನ ತೂಕಗಳು ಒರಟಾಗಿದ್ದವು. ಆದರೆ ಸರಿಯಾಗಿ ತೂಗಿದರೂ ನೀರಿನಲ್ಲಿ ಜಲಜನಕ ಶೇಕಡಾ 11.1, ಆಮ್ಲಜನಕ 88.9. ಆಮ್ಲಜನಕದ ಪರಮಾಣು ತೂಕ 8 ಎಂದು ಹಿಡಿದರೆ 88.9ನ್ನು 8ರಿಂದ ಭಾಗಿಸಿ 11.1. ಒಂದಕ್ಕೊಂದು! 16 ಎಂದು ಹಿಡಿದರೆ 5.56. ಎರಡಕ್ಕೊಂದು! ಎರಡು ಕಡೆಯೂ ಭಾಗಾಕಾರ ನಿರ್ದುಷ್ಟ. ಹಾಗಾದರೆ ಯಾವುದು ನೀರು? ಗೇ ಲುಸಾಕ್ ಅನಿಲಗಳ ಗಾತ್ರವನ್ನು ಅಳೆದು 1808ರಲ್ಲೇ ದಾರಿ ತೋರಿಸಿದ್ದ. ಅವೊಗಾಡ್ರೊ 1811ರಲ್ಲಿ ಅದಕ್ಕೆ ಅರ್ಥ ಹೇಳಿದ್ದ. ಆದರೂ ಯುರೋಪಿನ ಪಂಡಿತರಲ್ಲಿ ಒಬ್ಬೊಬ್ಬರದು ಒಂದೊಂದು ತೂಕ, ಒಂದೊಂದು ಸೂತ್ರ. 1860ರಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ಸಮ್ಮೇಳನ ಸೇರಿ, ಕಾನಿತ್ಸಾರೊ ಎಂಬ ಇಟಲಿಯವನ ಪುಟ್ಟ ಪುಸ್ತಿಕೆ ಅಲ್ಲಿ ಕೈಯಿಂದ ಕೈಗೆ ಹೋದ ಮೇಲೆ ಗೊಂದಲ ತಿಳಿಯಾಗತೊಡಗಿತು. ಐವತ್ತು ವರ್ಷ ಲೋಕದ ಮೇಧಾವಿಗಳೇ ಲೆಕ್ಕದಲ್ಲಿ ತಪ್ಪದೆ ಸೂತ್ರದಲ್ಲಿ ತಪ್ಪಿದರು. ನಮ್ಮ ಹಿರಿಯರು ಇದನ್ನು ಮೂರು ಸಾಲಿನ ಕೆಲಸವೆನ್ನುತ್ತಾರೆ.

ಇನ್ನು ಆ 'ಪೂರ್ಣಾಂಕ ಮಾಡು' ಎಂಬ ಮೂರನೆಯ ಸಾಲು. ನನ್ನ ಜಗಳವೆಲ್ಲ ಇರುವುದು ಇದರ ಮೇಲೆಯೇ. 1.98 ಬಂದರೆ 2 ಎನ್ನು, 1.5 ಬಂದರೆ ಎರಡರಿಂದ ಗುಣಿಸಿ 3 ಎನ್ನು, 1.33 ಬಂದರೆ ಮೂರರಿಂದ ಗುಣಿಸಿ 4 ಎನ್ನು. ಒಳ್ಳೆಯದು. 1.42 ಬಂದರೆ? ಆಗ ಏನೆನ್ನಬೇಕೆಂದು ಯಾವ ಗಣಿತವೂ ಹೇಳಲಾರದು. ಕಬ್ಬಿಣವನ್ನು ನೋಡಿ. ತುಕ್ಕಿಗೆ ಹತ್ತಿರದ ಕೆಂಪು ಆಕ್ಸೈಡಿನಲ್ಲಿ ಒಂದು ಕಬ್ಬಿಣಕ್ಕೆ ಒಂದೂವರೆ ಆಮ್ಲಜನಕ; ಸೂಜಿಗಲ್ಲಿನ ಕಪ್ಪು ಆಕ್ಸೈಡಿನಲ್ಲಿ ಒಂದಕ್ಕೆ ಒಂದೂ ಮೂರನೆಯ ಒಂದು. ಮೊದಲನೆಯದರಲ್ಲಿ ಕಬ್ಬಿಣ ಶೇಕಡಾ 69.9, ಎರಡನೆಯದರಲ್ಲಿ 72.4. ನಡುವೆ ಇರುವ ಅಂತರ ಎರಡೂವರೆಯಷ್ಟು. ನಿಮ್ಮ ತೂಕದ ತಪ್ಪು ಅದಕ್ಕಿಂತ ಕಡಮೆಯೆಂದು ಗೊತ್ತಿದ್ದರೆ ಇದು ಅದಲ್ಲ, ಅದು ಇದಲ್ಲ ಎಂದು ಹೇಳುವ ಅಧಿಕಾರ ನಿಮಗುಂಟು; ಇಲ್ಲದಿದ್ದರೆ ಇಲ್ಲ. ಪೂರ್ಣಾಂಕ ಮಾಡುವುದೆಂದರೆ ತನ್ನ ತಕ್ಕಡಿಯ ಮೇಲೆ ತಾನೇ ತೀರ್ಪು ಕೊಡುವುದು. ತಕ್ಕಡಿಯನ್ನೇ ಕಾಣದವನು ಯಾವ ತೀರ್ಪು ಕೊಟ್ಟಾನು?

ಅದೇ ಕಬ್ಬಿಣದ ಮೂರನೆಯ ಆಕ್ಸೈಡು ಇನ್ನೂ ತಮಾಷೆಯದು. ಪಠ್ಯಪುಸ್ತಕದಲ್ಲಿ ಅದು ಒಂದಕ್ಕೊಂದು. ನಿಜವಾಗಿ ತೂಗಿ ನೋಡಿದರೆ ಅದರಲ್ಲಿ ಕಬ್ಬಿಣ ಯಾವಾಗಲೂ ಕೊಂಚ ಕಡಮೆ. ಒಂದು ಆಮ್ಲಜನಕಕ್ಕೆ ಸುಮಾರು 0.95 ಕಬ್ಬಿಣ, ಕೆಲವೊಮ್ಮೆ ಇನ್ನೂ ಕಡಮೆ. ತೂಗಿದವನ ಕೈ ನಡುಗಿದ್ದರಿಂದ ಆದ ವ್ಯತ್ಯಾಸವಲ್ಲ ಇದು. ಹರಳಿನ ಒಳಗೆ ಕಬ್ಬಿಣ ಕೂರಬೇಕಾದ ಕೆಲವು ಸ್ಥಾನಗಳು ನಿಜವಾಗಿಯೇ ಖಾಲಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪ್ರೂಸ್ತ್ ಮತ್ತು ಬರ್ತೊಲೆ ಎಂಬ ಇಬ್ಬರು ಫ್ರೆಂಚರ ನಡುವೆ ವರ್ಷಗಟ್ಟಲೆ ನಡೆದ ವಾಗ್ವಾದ ಇದೇ. ಸಂಯುಕ್ತದ ಪ್ರಮಾಣ ಎಂದೆಂದಿಗೂ ನಿಶ್ಚಿತ ಎಂದು ಪ್ರೂಸ್ತ್. ನೆಲದಿಂದ ತೆಗೆದ ತಾಮ್ರದ ಕಾರ್ಬೊನೇಟಿಗೂ ತಾನೇ ತಯಾರಿಸಿದ ಕಾರ್ಬೊನೇಟಿಗೂ ಕೂದಲೆಳೆಯ ಭೇದವಿಲ್ಲವೆಂದು ತೂಗಿ ತೋರಿಸಿದ. ಹಾಗಲ್ಲ, ಪ್ರಮಾಣ ಬದಲಾಗಬಹುದು ಎಂದು ಬರ್ತೊಲೆ. ಪ್ರೂಸ್ತ್ ಗೆದ್ದ; ಗೆಲ್ಲಬೇಕಾದದ್ದೇ. ಆದರೆ ಒಂದು ಶತಮಾನ ಕಳೆದ ಮೇಲೆ, ಪ್ರಮಾಣ ನಿಶ್ಚಿತವಲ್ಲದ ಘನವಸ್ತುಗಳೂ ಇವೆ ಎಂದು ಗೊತ್ತಾದಾಗ, ಸೋತ ಬರ್ತೊಲೆಯ ಹೆಸರನ್ನೇ ಅವಕ್ಕೆ ಇಟ್ಟರು. 0.95 ಕಂಡವರೆಲ್ಲ ನಮ್ಮ ಶಾಲೆಯ ಪದ್ಧತಿಯಂತೆ 1 ಎಂದು ಬರೆದು ಅಂಕ ಪಡೆದು ಮನೆಗೆ ಹೋಗಿದ್ದರೆ ಈ ವಿದ್ಯೆಯೇ ಹುಟ್ಟುತ್ತಿರಲಿಲ್ಲ.

ಇದು ಹಳೆಯ ಮ್ಯೂಸಿಯಂ ಸರಕೆಂದು ಯಾರೂ ಭಾವಿಸಬೇಕಾಗಿಲ್ಲ. 1987ರಲ್ಲಿ ಇಟ್ರಿಯಂ, ಬೇರಿಯಂ, ತಾಮ್ರ ಸೇರಿದ ಒಂದು ಆಕ್ಸೈಡು ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗಿನ ಶೈತ್ಯದಲ್ಲೇ ವಿದ್ಯುತ್ತನ್ನು ಯಾವ ತಡೆಯೂ ಇಲ್ಲದೆ ಹರಿಯಗೊಡುತ್ತದೆಂದು ಗೊತ್ತಾಗಿ ಲೋಕವೆಲ್ಲ ಬೆರಗಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಆ ವರ್ಷ ಇದೇ ವಸ್ತುವಿನ ಬೆನ್ನು ಹತ್ತಿತ್ತು. ಅದರ ಸೂತ್ರದಲ್ಲಿ ಇಟ್ರಿಯಂ 1, ಬೇರಿಯಂ 2, ತಾಮ್ರ 3. ಆಮ್ಲಜನಕ 7ರಲ್ಲಿ ಏನೋ ಒಂದು ಚೂರು ಕಡಮೆ. ಆ ಚೂರು ಎಷ್ಟೆಂಬುದರಲ್ಲೇ ಎಲ್ಲವೂ ಇದೆ. ಆಮ್ಲಜನಕ 7ರ ಸಮೀಪವಿದ್ದರೆ ಅದ್ಭುತವಾದ ವಾಹಕ. ಇಳಿದು 6ರ ಬಳಿಗೆ ಬಂದರೆ ವಿದ್ಯುತ್ತನ್ನೇ ಬಿಟ್ಟುಕೊಡದ ಜಡ. ಸುತ್ತುಸಂಖ್ಯೆಯ ಭಕ್ತರು ಅಲ್ಲಿ ಏನು ಮಾಡುತ್ತಿದ್ದರೋ!

ಈಗ ನಮ್ಮ ಪ್ರಯೋಗಶಾಲೆಗೆ ಬರುತ್ತೇನೆ. ಏಕೆಂದರೆ ಪ್ರಯೋಗವನ್ನು ಪೂರ್ತಿ ಕೈಬಿಟ್ಟಿಲ್ಲ, ಹೆಸರಿಗೆ ಇಟ್ಟುಕೊಂಡಿದ್ದಾರೆ ಎಂದು ಯಾರಾದರೂ ಹೇಳಬಹುದು. ಹೆಸರಿಗೆ ಇಟ್ಟುಕೊಂಡದ್ದೇ ಹೆಚ್ಚು ಅನರ್ಥವೆಂದು ನನ್ನ ವಾದ. ನನ್ನ ತಂಗಿಯ ಮಗಳು ಪಿಯುಸಿ ಓದುವಾಗ ಒಂದು ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ನಡುಮನೆಯಲ್ಲಿ ಕುಳಿತು ರೆಕಾರ್ಡ್ ಪುಸ್ತಕ ಬರೆಯುತ್ತಿದ್ದಳು. ಮೈಲುತುತ್ತವನ್ನು ಕಾಯಿಸಿ ಅದರ ಹರಳಿನಲ್ಲಿರುವ ನೀರನ್ನು ಲೆಕ್ಕ ಹಾಕುವ ಪ್ರಯೋಗ. ಆಕೆ ಒಂದು ಚೀಟಿಯಲ್ಲಿ ಕೆಳಗಿನಿಂದ ಮೇಲಕ್ಕೆ ಲೆಕ್ಕ ಮಾಡುತ್ತಿರುವುದನ್ನು ಕಂಡು, "ಏನಮ್ಮಾ ಇದು, ಮಂಗಳಾರತಿ ಮೊದಲು, ಪೂಜೆ ಆಮೇಲೆ?" ಎಂದೆ.

"ಮಾವ, ನಮಗೆ 4.73 ಬಂತು. 5 ಬರಬೇಕು. ಅದಕ್ಕೆ 5 ಬರೋ ಹಾಗೆ ತೂಕ ಎಷ್ಟಿರಬೇಕು ಅಂತ ನೋಡ್ತಿದ್ದೀನಿ."

"ನೀನು ತೂಗಿದಾಗ ಎಷ್ಟಿತ್ತು?"

"ಎರಡೂವರೆ ಗ್ರಾಂ ಇಟ್ಟಿದ್ದು, ಕಾಯಿಸಿದ ಮೇಲೆ 1.63. ಅದನ್ನ 1.60 ಅಂತ ಬರೆದರೆ ಸರಿಹೋಗುತ್ತೆ. ಎಲ್ಲರೂ ಹಾಗೇ ಬರೆಯೋದು ಮಾವ. 4.73 ಅಂತ ಬರೆದರೆ ಸೈನ್ ಹಾಕೋದಿಲ್ಲ."

ಹುಡುಗಿ ಸುಳ್ಳುಗಾತಿಯಲ್ಲ. ಬಸ್ಸಿನಲ್ಲಿ ಕಂಡಕ್ಟರು ಐದು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ಕರೆದು ಹಿಂತಿರುಗಿಸುವವಳು. ಆದರೆ ಕಣ್ಣಾರೆ ಕಂಡ ಅಂಕಿಯನ್ನು ಅಳಿಸಿ ಕಾಣದ ಅಂಕಿಯನ್ನು ಬರೆಯುವುದು ಆಕೆಗೆ ಅಕ್ಷರ ತಿದ್ದಿದಷ್ಟೇ ಸಹಜವಾಗಿತ್ತು. ಕಲಿಸಿದವರು ಹಾಗೆ ಕಲಿಸಿದ್ದರು. ಗ್ರಂಥಸಂಪಾದನೆಯನ್ನು ಪಾಠ ಹೇಳುವ ನನಗೆ ಮೈ ಉರಿದದ್ದು ಇಲ್ಲಿ. ಓಲೆಗರಿಯ ಪ್ರತಿಯಲ್ಲಿ ಕಂಡ ಪಾಠವನ್ನು ಕಂಡಂತೆಯೇ ಬರೆದುಕೊಳ್ಳತಕ್ಕದ್ದು, ತಪ್ಪೆಂದು ತೋರಿದರೂ ಅಡಿಯಲ್ಲಿ ಪಾಠಾಂತರವೆಂದು ಕೊಡತಕ್ಕದ್ದು, ತನಗೆ ಬೇಕಾದ ಪಾಠವನ್ನು ಓಲೆಗರಿಯ ಬಾಯಲ್ಲಿ ಹೇಳಿಸಕೂಡದು. ಡಿ. ಎಲ್. ನರಸಿಂಹಾಚಾರ್ಯರಂಥವರು ಕನ್ನಡದಲ್ಲಿ ಕಟ್ಟಿಕೊಟ್ಟ ಶಿಸ್ತು ಇದು. ಹಾಗೆ ಉಳಿಸಿದ 'ತಪ್ಪು' ಪಾಠವೇ ಎಷ್ಟೋ ಕಡೆ ಹಳೆಯ ರೂಪವೆಂದು ಆಮೇಲೆ ತಿಳಿದದ್ದುಂಟು. ಓಲೆಗರಿಯನ್ನು ತಿದ್ದಿದವನನ್ನು ನಮ್ಮಲ್ಲಿ ಸಂಪಾದಕನೆನ್ನುವುದಿಲ್ಲ. ವಿಜ್ಞಾನದ ಮಕ್ಕಳಿಗೆ ಓಲೆಗರಿಯನ್ನು ತಿದ್ದಲು ಕಲಿಸಿ ಅಂಕ ಕೊಡುತ್ತಿದ್ದೇವೆ.

ಆ 4.73 ಎಂಬುದು ಎಂಥ ಅಮೂಲ್ಯವಾದ ಅಂಕಿ! ಮೈಲುತುತ್ತ ಮಲೆನಾಡಿನ ಅಡಿಕೆ ಬೆಳೆಗಾರರಿಗೆಲ್ಲ ಗೊತ್ತಿರುವ ನೀಲಿ ಹರಳು. ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಕೊಳೆರೋಗಕ್ಕೆ ಹೊಡೆಯುವುದು ಇದನ್ನೇ. ಅದರ ಪ್ರತಿಯೊಂದು ತಾಮ್ರದ ಸಲ್ಫೇಟಿಗೂ ಐದು ನೀರು ಅಂಟಿಕೊಂಡಿದೆ. ಆದರೆ ಐದೂ ಒಂದೇ ಬಗೆಯಲ್ಲಿ ಅಂಟಿಲ್ಲ. ನಾಲ್ಕು ನೀರು ತಾಮ್ರವನ್ನು ಸುತ್ತುವರಿದಿವೆ. ಐದನೆಯದು ಸಲ್ಫೇಟನ್ನು ಹಿಡಿದು ಬೇರೆಯೇ ಮೂಲೆಯಲ್ಲಿ ಕುಳಿತಿದೆ. ನಾಲ್ಕು ಹೊರಟುಹೋದರೂ ಈ ಐದನೆಯ ನೆಂಟ ಎದ್ದು ಹೊರಡುವುದಕ್ಕೆ ಸುಮಾರು 200 ಡಿಗ್ರಿ ಶಾಖ ಬೇಕು. ಹುಡುಗಿಯ ಮೂಸೆ ಅಷ್ಟು ಹೊತ್ತು ಕಾಯಲಿಲ್ಲವೆಂದರೆ ಅಂಕಿ ನಾಲ್ಕಕ್ಕೂ ಐದಕ್ಕೂ ನಡುವೆ ನಿಲ್ಲಬೇಕಾದದ್ದೇ. ಅಥವಾ ಕಾಯಿಸಿದ್ದು ಸರಿಯಾಗಿದ್ದು, ಬೆಳ್ಳಗಾದ ಪುಡಿಯನ್ನು ಬಟ್ಟಬಯಲಲ್ಲಿ ಆರಲು ಬಿಟ್ಟಿರಬಹುದು. ಆಷಾಢದ ಗಾಳಿಯ ತೇವವನ್ನು ಅದು ಹೀರಿಕೊಂಡು ಮತ್ತೆ ನೀಲಿ ತಿರುಗಿರಬಹುದು, ತೂಕ ಹೆಚ್ಚಿರಬಹುದು. ಇನ್ನೊಬ್ಬ ಹುಡುಗನಿಗೆ ಐದಕ್ಕಿಂತ ಹೆಚ್ಚು ಬಂದಿದ್ದರೆ ಅವನು ಅತಿಯಾಗಿ ಕಾಯಿಸಿದ್ದಾನೆ. ಸಲ್ಫೇಟೇ ಒಡೆದು ಗಂಧಕದ ಹೊಗೆಯಾಗಿ ಹೋಗಿ ಮೂಸೆಯ ಅಂಚಿನಲ್ಲಿ ಕರಿ ಕಟ್ಟಿರಬೇಕು. ಪ್ರತಿಯೊಂದು ತಪ್ಪಿಗೂ ಒಂದು ಬಣ್ಣ, ಒಂದು ಕಾರಣ, ಒಂದು ದಿಕ್ಕು ಇದೆ. ಹೀಗಿರುವಲ್ಲಿ ಅಧ್ಯಾಪಕನಾದವನು ಕೇಳಬೇಕಾದ್ದು ಇಷ್ಟೇ: "ಮತ್ತೊಮ್ಮೆ ಕಾಯಿಸಿ ತೂಗಿದೆಯಾ? ತೂಕ ಮತ್ತೆ ಇಳಿಯಿತೋ, ಅಲ್ಲೇ ನಿಂತಿತೋ?" ಎರಡು ಸಲ ತೂಗಿದರೂ ಒಂದೇ ತೂಕ ಬರುವವರೆಗೆ ಬಿಡಬಾರದೆಂಬುದು ಆ ವಿದ್ಯೆಯ ಮೊದಲ ನೇಮ. 1.60 ಎಂದು ಬರೆಸಿ ಸಹಿ ಹಾಕಿದವರು ಇಷ್ಟು ಪಾಠವನ್ನೂ ಒಂದೇ ಏಟಿಗೆ ಕೊಂದರು.

ಮೆಗ್ನೀಸಿಯಂ ಪಟ್ಟಿಯನ್ನು ಮೂಸೆಯಲ್ಲಿ ಸುಡುವ ಪ್ರಯೋಗವೂ ಹೀಗೆಯೇ. ಮುಚ್ಚಳ ಎತ್ತದಿದ್ದರೆ ಗಾಳಿ ಸಾಲದು. ಹೆಚ್ಚು ಎತ್ತಿದರೆ ಬಿಳಿ ಹೊಗೆಯಾಗಿ ತೂಕ ಹಾರಿಹೋಗುತ್ತದೆ. ಎರಡೂ ಸರಿಯಾಗಿದ್ದರೂ ಆಮ್ಲಜನಕ ಒಂದಕ್ಕಿಂತ ಕಡಮೆ ಬರುವುದುಂಟು. ಏಕೆಂದರೆ ಉರಿಯುವ ಮೆಗ್ನೀಸಿಯಂ ಗಾಳಿಯ ಸಾರಜನಕವನ್ನೂ ಬಿಡುವುದಿಲ್ಲ. ಬೂದಿಗೆ ನಾಲ್ಕು ಹನಿ ನೀರು ಹಾಕಿ ಮೂಸಿದರೆ ಅಮೋನಿಯದ ಘಾಟು ಮೂಗಿಗೆ ಹೊಡೆದು ಕಳ್ಳ ಸಿಕ್ಕಿಬೀಳುತ್ತಾನೆ. ಮತ್ತೆ ಕಾಯಿಸಿದರೆ ಲೆಕ್ಕ ಸರಿಹೋಗುತ್ತದೆ. ಈ ಘಾಟನ್ನು ಯಾವ ಶೇಕಡಾಂಶದಲ್ಲಿ ತುಂಬಿ ಕೊಡುತ್ತೀರಿ?

ಅಂಕಿಯನ್ನು ತಿದ್ದದಿದ್ದರೆ ಏನು ಸಿಕ್ಕುತ್ತದೆಂಬುದಕ್ಕೆ ಲೀಬಿಗ್ಗನ ಬಾಳಿನಲ್ಲೇ ಒಂದು ನಿದರ್ಶನವಿದೆ. 1820ರ ದಶಕದಲ್ಲಿ ಅವನು ಸಿಡಿಯುವ ಒಂದು ಬೆಳ್ಳಿಯ ಲವಣವನ್ನು ವಿಶ್ಲೇಷಿಸಿದ್ದ. ವೋಲರ್ ಎಂಬ ಇನ್ನೊಬ್ಬ ತರುಣ ಸಿಡಿಯದ, ಸಾಧುವಾದ ಬೇರೊಂದು ಬೆಳ್ಳಿಯ ಲವಣವನ್ನು ವಿಶ್ಲೇಷಿಸಿದ. ಇಬ್ಬರಿಗೂ ಒಂದೇ ಸೂತ್ರ! ವೋಲರನದು ತಪ್ಪೆಂದು ಲೀಬಿಗ್ ಮೊದಲು ಗುಡುಗಿದ. ಮತ್ತೆ ತೂಗಿದರು. ಇಬ್ಬರದೂ ಸರಿ. ಒಂದೇ ಪರಮಾಣುಗಳು ಒಂದೇ ಪ್ರಮಾಣದಲ್ಲಿದ್ದು ಜೋಡಣೆ ಬೇರೆಯಾದರೆ ವಸ್ತುವೇ ಬೇರೆಯಾಗುತ್ತದೆಂಬ ದೊಡ್ಡ ಸತ್ಯ ಅಲ್ಲಿಂದ ಹೊರಬಿತ್ತು. 1830ರಲ್ಲಿ ಬರ್ಜೀಲಿಯಸ್ ಅದಕ್ಕೆ ಐಸೊಮೆರಿಸಂ ಎಂದು ಹೆಸರಿಟ್ಟ. ಜಗಳವಾಡಿದ ಇಬ್ಬರೂ ಜೀವಮಾನದ ಗೆಳೆಯರಾದರು. ಲೀಬಿಗ್ಗನ ಉತ್ತರ ನೋಡಿಕೊಂಡು ವೋಲರ್ ತನ್ನ ತೂಕವನ್ನು ಕೊಂಚ ಆಚೀಚೆ ಸರಿಸಿದ್ದರೆ?

ಇದೇ ಕಾರಣಕ್ಕೆ ಪ್ರಯೋಗಸಿದ್ಧ ಸೂತ್ರ ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆಂಬುದನ್ನೂ ಮಕ್ಕಳಿಗೆ ಮುಟ್ಟಿಸಬೇಕು. ಮೇಲೆ ನಾವು ಲೆಕ್ಕ ಹಾಕಿದ ಒಂದು, ಎರಡು, ಒಂದು ಎಂಬ ಸೂತ್ರ ವಿನಿಗರಿನ ಆಮ್ಲಕ್ಕೆ ಮಾತ್ರವೇನೂ ಮೀಸಲಲ್ಲ. ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲಕ್ಕೂ ಅದೇ, ದ್ರಾಕ್ಷಿಯ ಸಕ್ಕರೆಯಾದ ಗ್ಲೂಕೋಸಿಗೂ ಅದೇ, ಶವ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡಿಗೂ ಅದೇ. ಊಟದ ಎಲೆಗೆ ಬಡಿಸಬಹುದಾದದ್ದು, ಬಡಿಸಬಾರದ್ದು ಎರಡೂ ಒಂದೇ ಸೂತ್ರದಲ್ಲಿ! ಅಣುತೂಕವನ್ನು ಬೇರೆ ಪ್ರಯೋಗದಿಂದ ತಿಳಿದಾಗಲೇ 30 ಬಂದರೆ ಫಾರ್ಮಾಲ್ಡಿಹೈಡು, 60 ಬಂದರೆ ಅಸಿಟಿಕ್ ಆಮ್ಲವಿರಬಹುದು, 90 ಆದರೆ ಲ್ಯಾಕ್ಟಿಕ್, 180 ಆದರೆ ಗ್ಲೂಕೋಸು ಎಂದು ಬೆರಳು ಮಡಿಚಬಹುದು. ಅಲ್ಲಿಯೂ 'ಇರಬಹುದು' ಎಂಬುದೇ. 60ರಲ್ಲಿ ಇನ್ನೊಂದು ವಸ್ತುವೂ, 180ರಲ್ಲಿ ಹಣ್ಣಿನ ಸಕ್ಕರೆಯೂ ಸಾಲಿನಲ್ಲಿ ನಿಂತಿವೆ. ಲೆಕ್ಕದ ಪುಸ್ತಕದಲ್ಲಿ ಈ 'ಇರಬಹುದು' ಎಂಬ ಮಾತಿಗೆ ಜಾಗವೇ ಇಲ್ಲ.

ಖರ್ಚಿನ ಆಕ್ಷೇಪಣೆಯನ್ನು ನಾನು ಒಪ್ಪುವುದಿಲ್ಲ. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಅಂಗೈಯಗಲದ ತಕ್ಕಡಿ ಇಂದು ಒಬ್ಬ ಹುಡುಗ ಕೊಳ್ಳುವ ಪ್ರವೇಶಪರೀಕ್ಷೆಯ ಗೈಡುಗಳ ಕಟ್ಟಿಗಿಂತ ದುಬಾರಿಯಲ್ಲ. ಮೂಸೆ ಒಡೆದರೆ ಇನ್ನೊಂದು ತರಬಹುದು. ಲೀಬಿಗ್ ಕೆಂಡದ ಒಲೆಯ ಮೇಲೆ ಮಾಡಿದ್ದನ್ನು ಗ್ಯಾಸಿನ ಬರ್ನರಿನ ಮೇಲೆ ಮಾಡಲಾರೆವೆಂದರೆ ಅದು ಬಡತನದ ಮಾತಲ್ಲ. ಹೊತ್ತಿಲ್ಲ ಎಂಬ ಆಕ್ಷೇಪಣೆಯನ್ನು ಮಾತ್ರ ಅರ್ಧ ಒಪ್ಪುತ್ತೇನೆ. ಅಧ್ಯಾಪಕರ ಮೇಲೆ ತಂದೆತಾಯಿಗಳ ಒತ್ತಡ, ಆಡಳಿತದವರ ಒತ್ತಡ, ರ‍್ಯಾಂಕಿನ ಫಲಕದ ಒತ್ತಡ. ಕನ್ನಡದ ಅವಧಿಯನ್ನೂ ಗಣಿತಕ್ಕೆ ಬಿಟ್ಟುಕೊಡಿ ಎಂದು ನನ್ನನ್ನೇ ಕೇಳಿದವರುಂಟು. ಆದರೆ ಆ ಸಂಕಟದಿಂದ ಹೊತ್ತು ಉಳಿಸುವುದಕ್ಕೆ ದಾರಿ ಹತ್ತು ಸುಳ್ಳು ಪ್ರಯೋಗಗಳನ್ನು ಬರೆಸುವುದಲ್ಲ. ಹತ್ತರ ಬದಲು ಮೂರು ಮಾಡಿಸಿ. ಅವನ್ನು ನಿಜವಾಗಿ ಮಾಡಿಸಿ.

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ರೆಕಾರ್ಡ್ ಪುಸ್ತಕದಲ್ಲಿ ಲೆಕ್ಕದ ಕೆಳಗೆ ಒಂದು ಅಂಕಣ ಹೆಚ್ಚಿಗೆ ಇರಲಿ: ಬಂದದ್ದು ಎಷ್ಟು, ಬರಬೇಕಾದದ್ದು ಎಷ್ಟು, ವ್ಯತ್ಯಾಸಕ್ಕೆ ವಿದ್ಯಾರ್ಥಿ ಊಹಿಸುವ ಕಾರಣವೇನು. ತೂಕವನ್ನು ಪೆನ್ನಿನಲ್ಲಿ ತಕ್ಕಡಿಯ ಬಳಿಯೇ ಬರೆಯಲಿ. ಅಧ್ಯಾಪಕರು ಸಹಿಯನ್ನು ಅಲ್ಲಿಯೇ, ಲೆಕ್ಕಕ್ಕೆ ಮುಂಚೆಯೇ ಹಾಕಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಉತ್ತರದ ಅಂಕಿಗಿಂತ ಆ ಅಂಕಣಕ್ಕೆ ಹೆಚ್ಚು ಅಂಕ ಇರಲಿ. 4.73 ಎಂದು ಬರೆದು 'ಎರಡನೆಯ ಸಲ ಕಾಯಿಸಲಿಲ್ಲ' ಎಂದು ಒಪ್ಪಿಕೊಂಡ ಹುಡುಗಿಗೆ, ಯಾರದೋ ಪುಸ್ತಕ ನೋಡಿ 5.00 ಎಂದು ಬರೆದ ಹುಡುಗನಿಗಿಂತ ಎರಡು ಅಂಕ ಹೆಚ್ಚು ಬರಲಿ. ಸಭೆಯಲ್ಲಿ ನಕ್ಕ ಹಿರಿಯರಿಗೆ ಇದನ್ನು ಮೊನ್ನೆ ಹೇಳಿದೆ. ಹಾಗೆ ಮಾಡಿದರೆ ಅರ್ಧ ತರಗತಿಗೆ ಐದು ಬರುವುದೇ ಇಲ್ಲ, ಹೊರಗಿನಿಂದ ಬಂದ ಪರೀಕ್ಷಕರು ಏನೆಂದಾರು ಎಂದು ಅವರು ಕೇಳಿದರು. ಅರ್ಧ ತರಗತಿಗೆ ಈಗಲೂ ಐದು ಬರುತ್ತಿಲ್ಲ ಎಂದೆ.